ಹಡಗಿನಿಂದ ಇಳಿದ ಮೇಲೆ ಕಾಣಿಸಿದ ಕಾಯಿಲೆ: ಪರಿಹಾರದ ಫೈಲು ನಾನು ಕಟ್ಟುವ ಬಗೆ

ಕಲಬುರಗಿ ಕಡೆಯ ನಾವಿಕರ ಫೈಲು ಬಂದರೆ ನಾನು ಮೊದಲು ನೋಡುವುದು ಎರಡು ತಾರೀಖು: ಸಿಡಿಸಿಯಲ್ಲಿರುವ (ನಾವಿಕರ ಸೇವಾ ಪುಸ್ತಕ) ಸೈನ್ ಆಫ್ ದಿನ, ಅಂದರೆ ಹಡಗಿನಿಂದ ಇಳಿದ ದಿನ, ದವಾಖಾನೆಯ ಮೊದಲ ಚೀಟಿಯ ದಿನ. ಮೆಡಿಕಲ್ ಅಂಗಡಿ ಗುಳಿಗೆಯಲ್ಲೇ ಎರಡು ತಿಂಗಳು ದೂಡಿದವರ ಹತ್ತಿರ ಆ ಎರಡು ತಿಂಗಳಿಗೆ ಒಂದು ಕಾಗದವೂ ಇರುವುದಿಲ್ಲ. ‘ಇದು ಮನೆಯಲ್ಲಿ ಬಂದ ರೋಗ’ ಎನ್ನಲು ಕಂಪನಿಗೆ ಅಷ್ಟು ಸಾಕು.

ಕಾಂಟ್ರಾಕ್ಟ್ ಮುಗಿದರೆ ಹಕ್ಕು ಮುಗಿಯುವುದಿಲ್ಲ. ಭಾರತ 2015ರಲ್ಲಿ ಅನುಮೋದಿಸಿದ 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದಂತೆ, ಆ ಅವಧಿಯ ದುಡಿಮೆಯಿಂದ ಹುಟ್ಟಿದ ಕಾಯಿಲೆಗೂ ಹಡಗು ಮಾಲೀಕರೇ ಹೊಣೆ. ಚಿಕಿತ್ಸೆಯ ಖರ್ಚಿಗೆ ಮಿತಿ ಹಾಕಿದರೂ ಅದು 16 ವಾರಕ್ಕಿಂತ ಕಡಿಮೆ ಇರುವಂತಿಲ್ಲ. ಅಂಗವೈಕಲ್ಯದ ಮೊತ್ತ ಮಾತ್ರ ಕಾಂಟ್ರಾಕ್ಟ್ ಇಲ್ಲವೇ ಯೂನಿಯನ್ ಒಪ್ಪಂದದಲ್ಲಿ ಹುಡುಕಬೇಕು. ಕಾಯಿಲೆಯನ್ನು ಕಂಪನಿಗೆ ತಿಳಿಸುವ ಗಡುವನ್ನೂ ಅಲ್ಲೇ ನೋಡಿ. ಫಿಲಿಪೀನ್ಸ್ ನಾವಿಕರಿಗೆ ಅದು ಇಳಿದು ವಾಪಸಾದ ಮೇಲೆ 3 ಕೆಲಸದ ದಿನ. ನಮ್ಮವರಿಗೂ ನಾನು ಹೇಳುವುದು ಅದೇ 3 ದಿನ.

ಹೆಚ್ಚು ಕೇಸು ಕೆಡುವುದು ಓಪಿಡಿ ಚೀಟಿಯ ಒಂದು ಸಾಲಿನಲ್ಲಿ. ಇಳಿದು 20 ದಿನವಾಗಿದೆ, ಚೀಟಿಯಲ್ಲಿ ‘ಬೆನ್ನುನೋವು, 15 ದಿನದಿಂದ’ ಎಂದಿದೆ. ಅಲ್ಲಿಗೆ ನೋವು ಊರಿನದಾಯಿತು. ನೋವು ಹಡಗಿನಲ್ಲೇ ಶುರುವಾಗಿದ್ದರೆ ಯಾವಾಗ, ಯಾವ ಕೆಲಸದಲ್ಲಿ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ, ಬರೆದದ್ದನ್ನು ಓದಿಸಿಕೊಂಡೇ ಹೊರಗೆ ಬನ್ನಿ. ಇಲ್ಲದ್ದನ್ನು ಬರೆಸಬೇಡಿ.

ಅದೇ ದಿನ ಚೀಟಿ ಲಗತ್ತಿಸಿ ಹಡಗಿಗೆ ಕಳಿಸಿದ ಏಜೆನ್ಸಿಗೂ ಮಾಲೀಕರಿಗೂ ಮೇಲ್ ಹಾಕಿ, ಕಂಪನಿ ಡಾಕ್ಟರ ತಪಾಸಣೆ ಕೇಳಿ. ಫೋನಿನಲ್ಲಿ ಹೇಳಿದ್ದು ಹೇಳಿದಂತಲ್ಲ. ಹಡಗಿನ ವೈದ್ಯಕೀಯ ದಾಖಲೆ, ಕೊಟ್ಟ ಔಷಧಿಯ ನಮೂದು, ವಿಶ್ರಾಂತಿ ಗಂಟೆಗಳ ಪಟ್ಟಿ ಇವುಗಳ ಪ್ರತಿಯನ್ನೂ ಅದರಲ್ಲೇ ಕೇಳಿ. ಮುಂಬೈಗೆ ಕರೆದರೆ ರೈಲು ಟಿಕೆಟ್ ಇಟ್ಟುಕೊಳ್ಳಿ. ಎಕ್ಸ್‌ರೇ, ಸ್ಕ್ಯಾನ್ ಮೂಲಪ್ರತಿ ತೋರಿಸಿ, ಕೊಡುವುದು ಜೆರಾಕ್ಸ್ ಮಾತ್ರ.

ಸೇರುವಾಗಿನ ತಪಾಸಣೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಬೇಕೆಂದೇ ಮುಚ್ಚಿಟ್ಟಿದ್ದರೆ ಮಾಲೀಕರು ಹೊಣೆಯಿಂದ ಜಾರಿಕೊಳ್ಳಬಹುದು. ಅದನ್ನು ಮೊದಲೇ ನನಗೆ ಹೇಳಿಬಿಡಬೇಕು.

ಅಂಗವೈಕಲ್ಯ ಎಷ್ಟೆಂದು ತೀರ್ಮಾನವಾಗುವ ಮೊದಲೇ ಮಧ್ಯಂತರ ಹಣ ಕೇಳಲು ಅದೇ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅವಕಾಶವಿದೆ. ಆ ಹಣದ ರಸೀದಿಯಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂದಿದ್ದರೆ ಸಹಿ ಹಾಕಬೇಡಿ. ‘ಉಳಿದ ಹಕ್ಕುಗಳಿಗೆ ಬಾಧೆಯಿಲ್ಲದೆ’ ಎಂಬ ಮಾತು ಸೇರಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸಿ.