ಹ್ಯಾವ್‌ಲಾಕ್ ಫೆರ್ರಿ: ಹೊಟ್ಟೆ ತೊಳಸುವವರು ಹೋಗುವುದು ಹೇಗೆ?

ಚಾರ್ಮಾಡಿ ಘಾಟಿ ಅಂದರೆ ಸಾಕು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕು ಅನ್ನುವ ಜಾತಿ ನಮ್ಮದು. ಅಂಥವಳು ಅಂಡಮಾನಿಗೆ ಹೋದದ್ದು ಸೆಪ್ಟೆಂಬರ್ ಮಳೆಯಲ್ಲಿ. ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯಪುರಂ) ಹ್ಯಾವ್‌ಲಾಕ್ ದ್ವೀಪಕ್ಕೆ (ಈಗ ಸ್ವರಾಜ್ ದ್ವೀಪ) ಖಾಸಗಿ ಫೆರ್ರಿಯಲ್ಲಿ, ಅಂದರೆ ಜನರನ್ನು ದಾಟಿಸುವ ಹಡಗಿನಲ್ಲಿ, ಸುಮಾರು ಒಂದೂವರೆ ಗಂಟೆ ದಾರಿ, ಅದರಲ್ಲಿ ಒಂದು ಗಂಟೆ ನನ್ನ ಮುಖ ಕಾಗದದ ಚೀಲದೊಳಗೇ ಇತ್ತು. ಮಾತ್ರೆ ಇರಲಿಲ್ಲವೇ? ಇತ್ತು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದೆ, ಹತ್ತೇ ನಿಮಿಷಕ್ಕೆ ಅದೂ ಆಚೆ ಬಂತು.

ಯಾಕೆ ಹೀಗಾಗುತ್ತದೆ ಅಂದರೆ, ಮುಚ್ಚಿದ ಎಸಿ ಹಾಲ್‌ನಲ್ಲಿ ಎದುರಿನ ಸೀಟು ಕಣ್ಣಿಗೆ ಅಲ್ಲಾಡದೆ ಕಾಣುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಮಾತ್ರ ಏಳ್ತಿದೀವಿ, ಬೀಳ್ತಿದೀವಿ ಅಂತ ಮಿದುಳಿಗೆ ವರದಿ ಕಳಿಸುತ್ತಲೇ ಇರುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಇಲ್ಲಿ ಹೊಟ್ಟೆ ಬಡವಾಗುತ್ತದೆ. ಸುಮಾರು 5 ಸೆಕೆಂಡಿಗೊಮ್ಮೆ ನಿಧಾನವಾಗಿ ಏರಿ ಇಳಿಯುವ ಓಲಾಟ ಎಲ್ಲಕ್ಕಿಂತ ಕೆಟ್ಟದ್ದು.

ಟಿಕೆಟ್ ತೆಗೆಯುವಾಗ

ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ. ಮಳೆಗಾಲದಲ್ಲೇ ಹೋಗಬೇಕಾದರೆ ಬೆಳಗಿನ ಫೆರ್ರಿ ಹಿಡಿಯಿರಿ. ಸೀಟು ಕೆಳಗಿನ ಅಂತಸ್ತಿನಲ್ಲಿ, ಉದ್ದಕ್ಕೆ ನಡುಮಧ್ಯ ಇರಲಿ. ಜಾಸ್ತಿ ದುಡ್ಡಿನ ಮೇಲಂತಸ್ತು ನೋಡಲು ಚೆಂದ, ಆದರೆ ಎತ್ತರಕ್ಕೆ ಹೋದಷ್ಟೂ ಓಲಾಟ ಜಾಸ್ತಿ. ಸರ್ಕಾರಿ ಫೆರ್ರಿಗೆ ಎರಡೂವರೆ ಗಂಟೆ ಬೇಕು, ನಿಜ, ಆದರೆ ಡೆಕ್‌ಗೆ ಹೋಗಿ ಗಾಳಿಗೆ ನಿಲ್ಲಬಹುದು. ನನ್ನ ಓಟು ಅದಕ್ಕೇ.

ಮಾತ್ರೆ ಯಾವಾಗ

ಎಲ್ಲರೂ ಎಡವುವುದು ಇಲ್ಲೇ. ವಾಕರಿಕೆ ಶುರುವಾದರೆ ಹೊಟ್ಟೆಯ ಕೆಲಸವೇ ನಿಧಾನವಾಗುತ್ತದೆ, ನುಂಗಿದ್ದು ಅಲ್ಲೇ ಕೂತಿರುತ್ತದೆ. ಆದ್ದರಿಂದ 8 ಗಂಟೆಯ ಫೆರ್ರಿಗೆ 6ಕ್ಕೇ ನುಂಗಿ. ಸಿನ್ನರಿಜಿನ್ ಅಥವಾ ಪ್ರೊಮೆಥಜಿನ್ (ಅವೊಮಿನ್‌ನಲ್ಲಿರುವುದು ಇದೇ) ಇದಕ್ಕಾಗಿಯೇ ಇರುವಂಥವು. ವಾಂತಿಗೆ ಅಂತ ಮನೆಯಲ್ಲಿ ಇಟ್ಟುಕೊಳ್ಳುವ ಒಂಡಾನ್ಸೆಟ್ರಾನ್ ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಅದನ್ನು ನಂಬಿ ಹತ್ತಬೇಡಿ. ಗರ್ಭಿಣಿಯರು, ಗ್ಲುಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ಡಾಕ್ಟರನ್ನು ಕೇಳಲೇಬೇಕು. ಪುಟ್ಟ ಮಕ್ಕಳಿಗೂ ಕೇಳದೆ ಕೊಡಬೇಡಿ. ನಿದ್ದೆ ಬರುತ್ತದೆ, ಹಾಗಾಗಿ ಕುಡಿತ ಬೇಡ. ಇಳಿದ ಕೂಡಲೇ ಸ್ಕೂಬಾ ಇದ್ದರೆ ಮಾತ್ರೆ ತಗೊಂಡಿದ್ದನ್ನು ಅಲ್ಲಿನವರಿಗೆ ಹೇಳಿಬಿಡಿ.

ಖಾಲಿ ಹೊಟ್ಟೆ ಒಳ್ಳೆಯದಲ್ಲ. ಎರಡು ಇಡ್ಲಿ ಸಾಕು. ಪೂರಿ, ವಡೆಯನ್ನು ಅಲ್ಲಿ ಹೋಗಿ ತಿಂದರಾಯಿತು.

ಹತ್ತಿದ ಮೇಲೆ

ಮೊಬೈಲ್ ಒಳಗಿಡಿ. ಸಮುದ್ರವೂ ಆಕಾಶವೂ ಸೇರುವ ಗೆರೆ ಕಾಣುತ್ತದಲ್ಲ, ಅದನ್ನೇ ನೋಡುತ್ತಿರಿ, ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಕಿಟಕಿ ಸಿಗದಿದ್ದರೆ ತಲೆಯನ್ನು ಸೀಟಿಗೆ ಒತ್ತಿ ಕಣ್ಣು ಮುಚ್ಚಿ, ಪಕ್ಕದವರು ಚಿಪ್ಸ್ ಪ್ಯಾಕೆಟ್ ಬಿಚ್ಚಿದರೆ ನಿಂಬೆಹಣ್ಣು ಮೂಸಿ. ಶುಂಠಿ ಮಿಠಾಯಿ ಕೆಲವರಿಗೆ ಹಿಡಿಸುತ್ತದೆ. ಮಣಿಕಟ್ಟಿಗೆ ಹಾಕುವ ಪಟ್ಟಿಯಿಂದ ನನಗಂತೂ ಏನೂ ಆಗಲಿಲ್ಲ.

ಇಷ್ಟಾದರೂ ಬಂದರೆ ನಾಚಿಕೆ ಯಾಕೆ? ಡಾರ್ವಿನ್ ಕೂಡ ಬೀಗಲ್ ಹಡಗಿನಲ್ಲಿ ಇದೇ ಕಾಟ ಅನುಭವಿಸಿದವನು. ಡೆಕ್‌ನಲ್ಲಿದ್ದರೆ ಮಾತ್ರ ಗಾಳಿ ನಿಮ್ಮ ಬೆನ್ನಿಗೆ ಬಡಿಯುವ ಕಡೆ ಹೋಗಿ, ಇಲ್ಲದಿದ್ದರೆ ಎಲ್ಲಾ ವಾಪಸ್ ಮುಖಕ್ಕೇ. ಕಾರಿದ ಮೇಲೆ ನೀರು ಗಟಗಟ ಬೇಡ, ಗುಟುಕು ಗುಟುಕಾಗಿ ಸಾಕು.

ಹಿಂದಿರುಗುವ ದಿನವೇ ವಿಮಾನ ಇಟ್ಟುಕೊಳ್ಳಬೇಡಿ, ಗಾಳಿ ಜೋರಾದರೆ ಫೆರ್ರಿ ರದ್ದಾಗುತ್ತದೆ. ವಾಪಸಿನ ಮಾತ್ರೆಯನ್ನು ಜೇಬಿನಲ್ಲಿಡಿ. ದೊಡ್ಡ ಬ್ಯಾಗನ್ನು ಹತ್ತುವ ಮೊದಲೇ ತೆಗೆದುಕೊಂಡು ಹೋಗುತ್ತಾರೆ.