ಬಿಎಂಡಬ್ಲ್ಯು ಆರ್ 1150 ಜಿಎಸ್: ಬಿಚ್ಚಿದ ಫೈನಲ್ ಡ್ರೈವ್ ಮತ್ತೆ ಕೂಡಿಸುವ ಕ್ರಮ

ಎಂಜಿನ್ನಿನ ಬಲವನ್ನು ಹಿಂಚಕ್ರಕ್ಕೆ ಒಯ್ಯುವ ಶಾಫ್ಟಿನ ಸ್ಪ್ಲೈನ್‌ಗಳಿಗೆ (ಒಂದರೊಳಗೊಂದು ಕೂರುವ ಉದ್ದ ಹಲ್ಲುಗಳು) ಗ್ರೀಸ್ ಹಚ್ಚಲೋ ಪಿವಟ್ (ಕೀಲು) ಬೇರಿಂಗ್ ಬದಲಿಸಲೋ ಫೈನಲ್ ಡ್ರೈವ್ (ಹಿಂಚಕ್ರದ ಬಳಿಯ ಗೇರ್ ಪೆಟ್ಟಿಗೆ) ಇಳಿಸಿದ್ದೀರಿ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಗಾಡಿಯಲ್ಲೇ ಇದೆ ಎಂದುಕೊಂಡು ಮುಂದಿನದನ್ನು ಓದಿ. ಬಿಚ್ಚುವಾಗ ಬೇಕಾದದ್ದು ಹೀಟ್ ಗನ್ನು ಮತ್ತು ರಟ್ಟೆಬಲ. ಕೂಡಿಸುವಾಗ ಕೆಲಸ ಕೆಡುವುದು ಎರಡೇ ಕಡೆ: ಶಾಫ್ಟಿನ ಎರಡು ಅರ್ಧಗಳ ಹೊಂದಾಣಿಕೆ ಮತ್ತು 7 ನ್ಯೂಟನ್ ಮೀಟರಿನ ಒಂದು ಸಣ್ಣ ಟಾರ್ಕ್. ಶಾಫ್ಟಿನ ಸಂದನ್ನು ಮುಚ್ಚುವ ರಬ್ಬರ್ ಬೂಟು ಕೂತ ಮೇಲೆ ಇವೆರಡೂ ಹೊರಗಿನಿಂದ ಕಾಣುವುದಿಲ್ಲ.

ಮೊದಲು ಸಾಮಾನು. 12 ಎಂಎಂ ಅಲೆನ್ ಸಾಕೆಟ್, 30 ಎಂಎಂ ಸಾಕೆಟ್, ಎರಡು ಟಾರ್ಕ್ ರೆಂಚ್. ಅರ್ಧ ಇಂಚಿನ ದೊಡ್ಡ ರೆಂಚ್ 7ರಷ್ಟು ಕೆಳಗೆ ಅಳೆಯುವುದಿಲ್ಲ, ಹಾಗಾಗಿ ಕಾಲು ಇಂಚಿನದೊಂದು ಬೇಕೇ ಬೇಕು. ಲಾಕ್‌ಟೈಟ್ 2701 (ಥ್ರೆಡ್ ಹಿಡಿದಿಡುವ ಅಂಟು), ಬ್ರೇಕ್ ಕ್ಲೀನರ್, ಮಾಲಿಬ್ಡಿನಮ್ ಪೇಸ್ಟ್, ಆಯಿಲ್ ಪ್ಲಗ್ಗುಗಳಿಗೆ ಹೊಸ ವಾಷರ್, ಕಾಲು ಲೀಟರ್ ಗೇರ್ ಆಯಿಲ್. ಸ್ಪ್ಲೈನಿಗೆ ಅಂಗಡಿಯ ಎಪಿ-3 ಗ್ರೀಸ್ ಹಚ್ಚುವವರಿದ್ದಾರೆ. ಅದು ಚಕ್ರದ ಬೇರಿಂಗಿಗೆ ಸರಿ, ಸ್ಪ್ಲೈನಿನಲ್ಲಿ ಮಾತ್ರ ತಿರುಗುವ ರಭಸಕ್ಕೆ ಹೊರಕ್ಕೆ ಸಿಡಿದುಹೋಗಿ ಉಕ್ಕು ಉಕ್ಕನ್ನೇ ತಿನ್ನುತ್ತದೆ. ಒಣಗಿದ ಸ್ಪ್ಲೈನಿನಲ್ಲಿ ಕಾಣುವ ಕೆಂಪು ಪುಡಿ ಆ ಸವೆತದ್ದೇ.

ಪಿವಟ್ ಸ್ಟಡ್‌ಗಳ ಮೇಲೂ ಅವು ಕೂರುವ ಥ್ರೆಡ್‌ಗಳ ಒಳಗೂ ಅಂಟಿರುವ ಹಳೆಯ ಲಾಕ್‌ಟೈಟನ್ನು ತಂತಿ ಬ್ರಷ್ಷಿನಿಂದ ಪೂರ್ತಿ ಕೆರೆದು ತೆಗೆಯಿರಿ. ಒಂದು ಚೂರು ಉಳಿದರೂ ಸ್ಟಡ್ ಅಲ್ಲೇ ಬಿಗಿಯುತ್ತದೆ, ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ. ಕೊನೆಗೆ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ ಒಣಗಲು ಬಿಡಿ. ಎಣ್ಣೆ ಇದ್ದರೆ ಲಾಕ್‌ಟೈಟ್ ಹಿಡಿಯುವುದಿಲ್ಲ. ಇದೇ ಹೊತ್ತಿಗೆ ಶಾಫ್ಟಿನ ತುದಿಗಳ ಯೂನಿವರ್ಸಲ್ ಜಾಯಿಂಟುಗಳನ್ನು (ಬಾಗಿದರೂ ತಿರುಗುವ ಕೀಲುಗಳು) ಕೈಯಲ್ಲಿ ಎಲ್ಲ ದಿಕ್ಕಿಗೂ ಬಾಗಿಸಿ ನೋಡಿ. ಒಂದು ಜಾಗದಲ್ಲಿ ಟಕ್ಕೆಂದು ಸಿಕ್ಕಿದಂತಾದರೆ ಜಾಯಿಂಟಿನ ನಡುವಿನ ಕ್ರಾಸಿನ ಬೇರಿಂಗ್ ಮುಗಿದಿದೆ; ಅದನ್ನೇ ಮತ್ತೆ ಹಾಕಿ ಪ್ರಯೋಜನವಿಲ್ಲ.

ಶಾಫ್ಟಿನ ಹೊಂದಾಣಿಕೆ

ಈ ಗಾಡಿಯ ಶಾಫ್ಟ್ ಎರಡು ತುಂಡು. ನಡುವಿನ ಸ್ಪ್ಲೈನಿನಲ್ಲಿ ಒಂದರೊಳಗೊಂದು ಜಾರುತ್ತವೆ, ಎರಡೂ ತುದಿಗೆ ಯೂನಿವರ್ಸಲ್ ಜಾಯಿಂಟ್. ಬಾಗಿದ ಜಾಯಿಂಟ್ ಸಮವೇಗದಲ್ಲಿ ತಿರುಗಿಸುವುದಿಲ್ಲ: ಪ್ರತಿ ಸುತ್ತಿಗೂ ಎರಡು ಸಲ ಸ್ವಲ್ಪ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಮುಂದಿನ ಜಾಯಿಂಟಿನ ಏರುಪೇರನ್ನು ಹಿಂದಿನದು ಸರಿದೂಗಿಸಬೇಕಾದರೆ, ನಡು ಶಾಫ್ಟಿನ ಎರಡು ತುದಿಯ ಕವಲುಗಳೂ (ಕ್ರಾಸನ್ನು ಹಿಡಿಯುವ ಕೊಂಬುಗಳು) ಒಂದೇ ಸಮತಲದಲ್ಲಿರಬೇಕು. ಸ್ಪ್ಲೈನಿಗೆ ಇದರ ಗೊಡವೆ ಇಲ್ಲ, ಯಾವ ಹಲ್ಲಿಗೆ ಕೂರಿಸಿದರೂ ಕೂರುತ್ತದೆ. ತಪ್ಪಾಗಿ ಕೂತರೆ ಏರುಪೇರು ಕಳೆಯುವ ಬದಲು ಕೂಡುತ್ತದೆ. ಫುಟ್‌ಪೆಗ್ಗಿನಲ್ಲಿ ನಡುಕ ಬರುತ್ತದೆ, ಜಾಯಿಂಟುಗಳು ಬೇಗ ಸವೆಯುತ್ತವೆ.

ಬಿಚ್ಚುವಾಗ ಬಣ್ಣದ ಗುರುತು ಹಾಕಿದ್ದರೆ ಅದನ್ನೇ ಹಿಡಿಯಿರಿ. ಹಾಕಿರದಿದ್ದರೆ ಊಹೆ ಬೇಡ. ಮುಂದಿನ ಅರ್ಧವನ್ನೂ ಗೇರ್‌ಬಾಕ್ಸಿನಿಂದ ಎಳೆದು ಹೊರತೆಗೆದು, ಎರಡನ್ನೂ ಮೇಜಿನ ಮೇಲೆ ಕೂಡಿಸಿ, ಕವಲುಗಳನ್ನು ಸಾಲಿಗೆ ತಂದು, ನಡುವಿನ ಸ್ಪ್ಲೈನಿನ ಎರಡೂ ಬದಿಗೆ ಅಡ್ಡಲಾಗಿ ಒಂದೇ ಗೆರೆ ಎಳೆಯಿರಿ. ಮುಂದಿನ ಅರ್ಧವನ್ನು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿಗೆ ಒತ್ತುವಾಗ ಒಳಗಿನ ರಿಂಗ್ ಕ್ಲಿಕ್ಕೆನ್ನಬೇಕು. ಕ್ಲಿಕ್ ಕೇಳಿದರೂ ಹಿಂದಕ್ಕೆ ಜಗ್ಗಿ ನೋಡಿ, ಬರಬಾರದು.

ಸ್ಪ್ಲೈನುಗಳಿಗೆ ಪೇಸ್ಟನ್ನು ಹಲ್ಲಿನ ಬದಿಗಳು ಬೂದಿಬಣ್ಣಕ್ಕೆ ತಿರುಗುವಷ್ಟೇ ತೆಳ್ಳಗೆ ಬ್ರಷ್ಷಿನಲ್ಲಿ ಹಚ್ಚಿ. ಹೆಚ್ಚಾದದ್ದು ಒಳಗೆಲ್ಲ ಸಿಡಿಯುತ್ತದೆ.

ಕೂರಿಸುವುದು

ರಬ್ಬರ್ ಬೂಟನ್ನು ಈಗಲೇ ಜಾಗದಲ್ಲಿಡಿ. ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಫೈನಲ್ ಡ್ರೈವನ್ನು ಜಾಕಿಯ ಮೇಲೆ ಮರದ ತುಂಡಿಟ್ಟು ಎತ್ತಿ, ಗುರುತು ಗುರುತಿಗೆ ಸೇರುವಂತೆ ಮುಂದೆ ತಳ್ಳಿ. ಹಲ್ಲು ಸಿಗದಿದ್ದರೆ ಡಿಸ್ಕನ್ನು ಒಂದೆರಡು ಡಿಗ್ರಿ ಅತ್ತಿತ್ತ ತಿರುಗಿಸಿ, ಸುತ್ತಿಗೆ ಬೇಡ.

ಪಿವಟ್ ಸ್ಟಡ್‌ಗಳು ಎರಡು. ಲಾಕ್‌ನಟ್ ಇಲ್ಲದ್ದು ಸ್ಥಿರ ಸ್ಟಡ್: ಲಾಕ್‌ಟೈಟ್ ಹಚ್ಚಿ 160 ನ್ಯೂಟನ್ ಮೀಟರಿಗೆ ಬಿಗಿಯಿರಿ. ಲಾಕ್‌ನಟ್ ಇರುವುದು ಹೊಂದಿಸುವ ಸ್ಟಡ್: ಅದಕ್ಕೂ ಲಾಕ್‌ಟೈಟ್ ಹಚ್ಚಿ, ಫೈನಲ್ ಡ್ರೈವನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸುತ್ತಾ ಬೇರಿಂಗ್ ಕೂತ ಮೇಲೆ 7 ನ್ಯೂಟನ್ ಮೀಟರ್. ಅಷ್ಟೇ. ಆಮೇಲೆ ಅಲೆನ್ ಕೀಲಿ ಹಾಕಿ ಸ್ಟಡ್ಡನ್ನು ಅಲುಗದಂತೆ ಹಿಡಿದು ಲಾಕ್‌ನಟ್ಟನ್ನು 160ಕ್ಕೆ ಬಿಗಿಯಬೇಕು. ಸ್ಟಡ್ಡಿನ ಮುಖಕ್ಕೂ ಹೌಸಿಂಗಿಗೂ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಅದು ನಟ್ಟಿನ ಜೊತೆ ತಿರುಗಿತೇ ಎಂದು ತಿಳಿಯುತ್ತದೆ. ತಿರುಗಿದ್ದರೆ 7 ಹೋಗಿ ಎಷ್ಟೋ ಆಗಿರುತ್ತದೆ. ಸಡಿಲಿಸಿ ಮತ್ತೆ ಮಾಡಿ. ಬಿಗಿ ಹೆಚ್ಚಾದರೆ ಸೂಜಿ ರೋಲರ್‌ಗಳು ರೇಸಿನಲ್ಲಿ (ಅವು ಉರುಳುವ ಬೇರಿಂಗಿನ ಬಳೆ) ಗೀರು ಒತ್ತಿ ಗುಂಡಿ ಮಾಡುತ್ತವೆ. ಕಡಿಮೆಯಾದರೆ ತಿರುವಿನಲ್ಲಿ ಹಿಂಭಾಗ ಓಲಾಡುತ್ತದೆ. ಲಾಕ್‌ಟೈಟ್ ಗಟ್ಟಿಯಾಗುವ ಮುನ್ನ ಇದೆಲ್ಲ ಮುಗಿಯಬೇಕು. ಮುಗಿದ ಮೇಲೆ ಒಂದು ರಾತ್ರಿ ಮುಟ್ಟಬೇಡಿ.

ಬೂಟಿನ ಅಂಚು ಎರಡೂ ಕಡೆಯ ತೋಡಿನಲ್ಲಿ ಸುತ್ತಲೂ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಕೈಗೆ ಎಟುಕದ ಕೆಳಭಾಗದಲ್ಲೇ ಅದು ಮಡಚಿಕೊಳ್ಳುವುದು. ಮಲೆನಾಡಿನ ಮಳೆಯಲ್ಲಿ ಹಳ್ಳ ದಾಟುವ ಗಾಡಿಯಾದರೆ ಈ ಒಂದು ಮಡಿಕೆ ಸಾಕು, ನೀರು ಒಳಗೆ ನಿಂತು ಹಿಂದಿನ ಜಾಯಿಂಟನ್ನು ತುಕ್ಕು ಹಿಡಿಸುತ್ತದೆ.

ಸ್ವಿಂಗ್ ಆರ್ಮಿನ ಕೆಳಗಿನ ಪ್ಯಾರಾಲಿವರ್ ರಾಡಿನ (ಫೈನಲ್ ಡ್ರೈವ್ ತಿರುಗದಂತೆ ತಡೆಯುವ ಸರಳು) ಬೋಲ್ಟನ್ನು ಸದ್ಯಕ್ಕೆ ಕೈಬಿಗಿ ಮಾತ್ರ ಮಾಡಿ. ಅದರ ತುದಿಯಲ್ಲಿ ರಬ್ಬರ್ ಬುಷ್ ಇದೆ. ಚಕ್ರ ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದೊಡನೆ ಬುಷ್ ತಿರುಚಿಕೊಳ್ಳುತ್ತದೆ. ಭಾರ ಬಿದ್ದ ಮೇಲೆ 43 ನ್ಯೂಟನ್ ಮೀಟರ್.

ಕ್ಯಾಲಿಪರ್ 40 ನ್ಯೂಟನ್ ಮೀಟರ್. ಎಬಿಎಸ್ ಸೆನ್ಸರಿನ ಕೆಳಗೆ ಶಿಮ್ (ತೆಳು ತಗಡು) ಇದ್ದಿದ್ದರೆ ಅದೇ ಶಿಮ್ ವಾಪಸ್ ಹಾಕಿ. ಡಿಸ್ಕಿಗೆ ಪೇಸ್ಟ್ ತಗುಲಿರುವುದು ಸಾಮಾನ್ಯ, ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ. ಚಕ್ರ ಕೂರುವ ಮುಖವನ್ನು ಒಣಬಟ್ಟೆಯಲ್ಲಿ ಒರೆಸಿ, ನಾಲ್ಕು ಬೋಲ್ಟುಗಳನ್ನು ಗ್ರೀಸಿಲ್ಲದೆ ಎದುರುಬದುರಾಗಿ ಮೊದಲು 50ಕ್ಕೆ, ಆಮೇಲೆ 105ಕ್ಕೆ.

ಆಯಿಲ್: ಪೂರ್ತಿ ಖಾಲಿಯಾಗಿದ್ದರೆ 250 ಮಿಲಿ, ಬರೀ ಬದಲಾವಣೆಗೆ 230. ಪ್ಲಗ್ಗುಗಳು 23 ನ್ಯೂಟನ್ ಮೀಟರ್. ಅಂಗಡಿಯಲ್ಲಿ 'ಇಪಿ 90' ಎಂದು ಕೇಳಿದರೆ ಎಷ್ಟೋ ಸಲ ಜಿಎಲ್-4 ಕೊಡುತ್ತಾರೆ. ಬೇಕಾದದ್ದು ಜಿಎಲ್-5, ಡಬ್ಬಿಯ ಮೇಲೆ ಓದಿ ತೆಗೆದುಕೊಳ್ಳಿ. ಲಾರಿಗಳ ಡಿಫರೆನ್ಷಿಯಲ್‌ಗೆ ಹಾಕುವ 80ಡಬ್ಲ್ಯು-90 ಜಿಎಲ್-5 ಆಗುತ್ತದೆ. ಸ್ವಲ್ಪ ಜಾಸ್ತಿ ಇರಲಿ ಎಂದು ಸುರಿಯಬೇಡಿ. ಬಿಸಿಯಾಗಿ ಉಬ್ಬಿದ ಎಣ್ಣೆ ಸೀಲು ದಾಟಿ ಡಿಸ್ಕಿಗೆ ಬರುತ್ತದೆ.

ಗಾಡಿ ಕದಲಿಸುವ ಮುನ್ನ ಹಿಂದಿನ ಬ್ರೇಕ್ ಪೆಡಲ್ಲನ್ನು ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದಕ್ಕೆ ಹೋಗಿದ್ದರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಸೆಂಟರ್ ಸ್ಟ್ಯಾಂಡಿನಲ್ಲಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಸಡಿಲ ಇರುವುದು ಗೇರ್ ಹಲ್ಲುಗಳದ್ದು, ಇರಲಿ. ಪಕ್ಕಕ್ಕೆ ಓಲಾಡಿದರೆ ಒಂದೋ ಪಿವಟ್, ಇಲ್ಲವೇ ದೊಡ್ಡ ಬೇರಿಂಗ್. ಇನ್ನೊಬ್ಬರು ಅಲುಗಿಸುವಾಗ ಪಿವಟ್ ಮೇಲೆ ಬೆರಳಿಟ್ಟರೆ ಯಾವುದೆಂದು ಗೊತ್ತಾಗುತ್ತದೆ. ಸ್ಟ್ಯಾಂಡಿನಲ್ಲೇ ಗೇರಿಗೆ ಹಾಕಿ ರೇಸ್ ಮಾಡಬೇಡಿ, ಚಕ್ರ ನೇತಾಡುವಾಗ ಜಾಯಿಂಟುಗಳು ಅತಿ ಹೆಚ್ಚು ಬಾಗಿರುತ್ತವೆ. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಬೂಟಿನ ಕೆಳಗೆ ಒರೆಸಿ ನೋಡಿ: ಗೇರ್ ಆಯಿಲ್ ಇದ್ದರೆ ಪಿನಿಯನ್ ಸೀಲು ಹೋಗಿದೆ, ಬರೀ ಕಪ್ಪು ಪೇಸ್ಟಾದರೆ ನೀವು ಹಚ್ಚಿದ್ದು ಹೆಚ್ಚಾಗಿದೆ.