ಹಳೆಯ ಪುಸ್ತಕ ಲೈಸೆನ್ಸನ್ನು ನವೀಕರಿಸಿಕೊಂಡ ಬಗೆ

2004ರಲ್ಲಿ ಪಡೆದಿದ್ದ ನನ್ನ ಪುಸ್ತಕ ರೂಪದ ಚಾಲನಾ ಪರವಾನಗಿಯ ಅವಧಿ 2024ರಲ್ಲಿ ಮುಗಿಯಿತು. ಚಾಲನಾ ಪರವಾನಗಿಗೆಂದೇ ಇರುವ ಸರ್ಕಾರದ ಸಾರಥಿ ಜಾಲತಾಣದಲ್ಲಿ ಅದರ ಸಂಖ್ಯೆ ನಮೂದಿಸಿದಾಗಲೆಲ್ಲ ವಿವರ ಲಭ್ಯವಿಲ್ಲ ಎಂಬ ಉತ್ತರವೇ ಬರುತ್ತಿತ್ತು. ಹೊಸದಾಗಿ ಎಲ್‌ಎಲ್ (ಕಲಿಕಾ ಪರವಾನಗಿ) ಮಾಡಿಸುವುದೊಂದೇ ದಾರಿ ಎಂದು ಏಜೆಂಟರೊಬ್ಬರು ಹೇಳಿದ್ದು ತಪ್ಪಾಗಿತ್ತು (ಅವರಿಗೆ ಅದರಲ್ಲಿ ಲಾಭವಿತ್ತೆನ್ನಿ). ಕಂಪ್ಯೂಟರಿಗೆ ಏರದೆ ಉಳಿದ ಹಳೆಯ ಪರವಾನಗಿಗಳನ್ನು, ಅವುಗಳನ್ನು ನೀಡಿದ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬಹುದು, ಅಂದರೆ ಹಳೆಯ ವಿವರವನ್ನು ಕಂಪ್ಯೂಟರ್ ದಾಖಲೆಗೆ ಸೇರಿಸಿಸಬಹುದು. ಮೂಲ ಪುಸ್ತಕ ಮತ್ತು ಮನವಿ ಪತ್ರದೊಂದಿಗೆ ಹೋದೆ. ಶಾಯಿ ಹರಡಿ ಪರವಾನಗಿ ಸಂಖ್ಯೆಯ ಕೊನೆಯ ಅಂಕಿ 3ನೋ 8ನೋ ತಿಳಿಯದಂತಾಗಿತ್ತು. ಗುಮಾಸ್ತರು ರಟ್ಟಿನ ಹೊದಿಕೆಯ ರಿಜಿಸ್ಟರ್ ತೆರೆದು, ಸಾಲುಸಾಲಾಗಿ ಬೆರಳಾಡಿಸಿ, ಅದು 8 ಎಂದು ಖಚಿತಪಡಿಸಿದರು.

ಮುಂದಿನದೆಲ್ಲ ಸುಲಭವಾಯಿತು. ವಯಸ್ಸು 40 ದಾಟಿದ್ದರಿಂದ ನಮೂನೆ 1ಎಯಲ್ಲಿ ವೈದ್ಯಕೀಯ ಪ್ರಮಾಣಪತ್ರ ಬೇಕಾಯಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದರೆ ಚಾಲನಾ ಪರೀಕ್ಷೆ ಇರುವುದಿಲ್ಲ. ಆದರೆ ಅದೇ ತಿದ್ದುಪಡಿ ಅವಧಿ ಮುಗಿದ ಮೇಲೂ ಪರವಾನಗಿ ಚಾಲ್ತಿಯಲ್ಲಿರುತ್ತಿದ್ದ, ಹಿಂದಿನ 30 ದಿನಗಳ ರಿಯಾಯಿತಿಯನ್ನು ತೆಗೆದುಹಾಕಿರುವುದರಿಂದ, ಹೊಸ ಕಾರ್ಡ್ ಕೈಸೇರುವವರೆಗೆ ಸ್ಕೂಟರ್ ಮನೆಯಲ್ಲೇ ನಿಂತಿತ್ತು, ನಾನು ಬಸ್ಸಿನಲ್ಲಿ ಓಡಾಡಿದೆ.